ಓದುಗರ ಪ್ರಶ್ನೆ: ಬಂಗಾರ ಸಿಕ್ಕಿತು ಎಂದರೆ ಯಾರಿಗೆ ಸಿಕ್ಕಿತು?

ಹಿಂದಿನ ಸಂಚಿಕೆಯಲ್ಲಿ ರಾಯಚೂರು ಸೀಮೆಯ ಹಟ್ಟಿಯ ಬಂಗಾರದ ಗಣಿಯ ಬಗ್ಗೆ ನಾನು ಬರೆದ ಅರ್ಧ ಪುಟಕ್ಕೆ ಹದಿನೇಳು ಪತ್ರಗಳು ಬಂದಿವೆ. ಒಂದು ಪತ್ರದ ಜೊತೆ ಕಲ್ಲೂ ಬಂದಿದೆ. ಡೊಂಬಿವಲಿಯ ನಮ್ಮ ಕಟ್ಟಡಕ್ಕೆ ಲಿಫ್ಟ್ ಇಲ್ಲ. ಅಂಚೆಯವನು ಮೂರನೆಯ ಮಹಡಿಗೆ ಆ ಪೊಟ್ಟಣ ಹೊತ್ತು ತಂದು, "ಕಾಕಾ, ಒಳಗೆ ಏನಿದೆ?" ಎಂದು ಕೇಳಿದ. ಬಂಗಾರ ಇರಬಹುದಂತೆ ಎಂದೆ. ನಕ್ಕು ಸಹಿ ಹಾಕಿಸಿಕೊಂಡು ಇಳಿದು ಹೋದ. ಇಪ್ಪತ್ತೆಂಟು ವರ್ಷ ಹಟ್ಟಿಯಲ್ಲಿ ಭೂವಿಜ್ಞಾನಿಯಾಗಿ ದುಡಿದು, ಈಗ ಮಗನ ಮನೆಯಲ್ಲಿರುವ ನನಗೆ ಆ ಪೊಟ್ಟಣ ಬಿಚ್ಚುವಾಗ ಕೈ ಸ್ವಲ್ಪ ನಡುಗಿತು ಎಂದರೆ ನಂಬಿ. ಎಲ್ಲ ಪತ್ರಗಳಿಗೆ ಉತ್ತರಿಸಲು ಜಾಗವಿಲ್ಲ. ಐದನ್ನು ಎತ್ತಿಕೊಂಡಿದ್ದೇನೆ.

*

ಪ್ರಶ್ನೆ: ಗೋವಾದ ಸಾಂಗೆ ಹತ್ತಿರ ಬಾವಿ ತೋಡುವ ಕೆಲಸಕ್ಕೆ ಹೋಗಿದ್ದೆ. ಮೂವತ್ತು ಅಡಿ ಕೆಳಗೆ ಕಪ್ಪು ಕಲ್ಲಿನಲ್ಲಿ ಈ ಹಳದಿ ಹೊಳಪು ಕಂಡಿತು. ಜೊತೆಯವರು ಯಾರಿಗೂ ಹೇಳಬೇಡ ಎನ್ನುತ್ತಾರೆ. ನನ್ನ ಊರು ಬಾಗಲಕೋಟೆ ಕಡೆ. ಇದು ಬಂಗಾರವೇ? — ಹೆಸರು ಬೇಡ, ವಾಸ್ಕೋ

ಉತ್ತರ: ಅಲ್ಲ ತಮ್ಮಾ. ಇದು ಪೈರೈಟ್, ಕಬ್ಬಿಣವೂ ಗಂಧಕವೂ ಸೇರಿ ಆದದ್ದು. ನೋಡಿದ ಕೂಡಲೇ ಗೊತ್ತಾಯಿತು, ಏಕೆಂದರೆ ಇದರ ಹರಳುಗಳು ಸಕ್ಕರೆ ಅಚ್ಚಿನ ಹಾಗೆ ಮೂಲೆ ಮೂಲೆಯಾಗಿ ಕೂತಿವೆ. ಬಂಗಾರ ಕಲ್ಲಿನೊಳಗೆ ಹೀಗೆ ಅಚ್ಚುಕಟ್ಟಾಗಿ ಕೂರುವುದು ತೀರಾ ಅಪರೂಪ. ಎಳೆಯಾಗಿಯೋ ಚುಕ್ಕೆಯಾಗಿಯೋ ಎಲ್ಲೋ ಒಂದು ಬಿರುಕಿನಲ್ಲಿ ಅಡಗಿರುತ್ತದೆ. ಆದರೂ ನಿನ್ನ ಸಮಾಧಾನಕ್ಕೆ ಪರೀಕ್ಷೆ ಮಾಡಿದೆ. ಬಚ್ಚಲಿಗೆ ಹಾಕಿ ಮಿಕ್ಕಿದ್ದ ಟೈಲ್ಸ್ ಒಂದನ್ನು ಬೋರಲು ಹಾಕಿ, ಹಿಂಬದಿಯ ಒರಟು ಮೈಯ ಮೇಲೆ ಕಲ್ಲನ್ನು ಗೀಚಿದೆ. ಹಸಿರು ಮಿಶ್ರಿತ ಕಪ್ಪು ಗೆರೆ ಬಿತ್ತು. ಬಂಗಾರವಾಗಿದ್ದರೆ ಹಳದಿ ಗೆರೆಯೇ ಬೀಳಬೇಕಿತ್ತು. ಚಾಕುವಿನ ಮೊನೆಗೆ ಅದು ಜಗ್ಗಲಿಲ್ಲ. ಬಂಗಾರವಾದರೆ ಸೂಜಿಗೂ ತಗ್ಗು ಬೀಳುತ್ತದೆ. ಒಂದು ಚೂರನ್ನು ಬಾಲ್ಕನಿಯಲ್ಲಿ ಕುಟ್ಟಿದರೆ ಪುಡಿಪುಡಿಯಾಯಿತು. ಆ ಪುಡಿಯನ್ನು ಹಳೆಯ ಸೌಟಿನಲ್ಲಿ ಕಾಯಿಸಿದಾಗ ಬೆಂಕಿಕಡ್ಡಿ ಗೀರಿದಂಥ ವಾಸನೆ ಮನೆ ತುಂಬ ಹರಡಿತು, ಗ್ಯಾಸ್ ಸೋರುತ್ತಿದೆಯೇ ಎಂದು ನನ್ನವಳು ಓಡಿ ಬಂದಳು.

1848ರ ಜನವರಿ 24ರಂದು ಕ್ಯಾಲಿಫೋರ್ನಿಯಾದ ಕೊಲೋಮಾದಲ್ಲಿ, ಮರ ಕೊಯ್ಯುವ ಗಿರಣಿಯ ಕಾಲುವೆಯಲ್ಲಿ ಜೇಮ್ಸ್ ಮಾರ್ಷಲ್ ಎಂಬ ಬಡಗಿಗೆ ಹಳದಿ ಚೂರು ಸಿಕ್ಕಾಗ ಅವನು ಮಾಡಿದ್ದೂ ಇಂಥದ್ದೇ. ಎರಡು ಕಲ್ಲುಗಳ ನಡುವೆ ಇಟ್ಟು ಜಜ್ಜಿದ. ಒಡೆಯಲಿಲ್ಲ, ಚಪ್ಪಟೆಯಾಯಿತು. ಅಲ್ಲಿ ಅಡುಗೆ ಮಾಡುತ್ತಿದ್ದ ಜೆನ್ನಿ ವಿಮ್ಮರ್ ಎಂಬ ಹೆಂಗಸು ಆ ಚೂರನ್ನು ಸಾಬೂನು ಕುದಿಸುವ ಕಾರದ ನೀರಿಗೆ ಹಾಕಿಟ್ಟರು. ಬೆಳಗ್ಗೆ ತೆಗೆದಾಗ ಬಣ್ಣ ಕೆಟ್ಟಿರಲಿಲ್ಲ. ಮಾರನೆಯ ವರ್ಷ ಜಗತ್ತೆಲ್ಲ ಕ್ಯಾಲಿಫೋರ್ನಿಯಾಕ್ಕೆ ನುಗ್ಗಿತು.

ಆದರೆ ಕಲ್ಲನ್ನು ಎಸೆಯುವ ಮುಂಚೆ ಇನ್ನೊಂದು ಮಾತು ಕೇಳು. ಪೈರೈಟ್ ಬಂಗಾರವಲ್ಲ, ನಿಜ. ಆದರೆ ಎಷ್ಟೋ ಕಡೆ ಅದು ಬಂಗಾರದ ನೆರೆಮನೆಯದು. ನೆಲದಡಿ ಹಲವು ಕಿಲೋಮೀಟರ್ ಆಳದಲ್ಲಿ, ಮುನ್ನೂರು ಡಿಗ್ರಿಯ ಆಸುಪಾಸಿನಲ್ಲಿ ಕಾದ ನೀರು ಗಂಧಕದ ಜೊತೆ ಬಂಗಾರವನ್ನೂ ಕರಗಿಸಿಕೊಂಡು ಓಡಾಡುತ್ತಿರುತ್ತದೆ. ಬಂಡೆ ಬಿರಿದಾಗ ಕುಕ್ಕರಿನ ಸೀಟಿ ಎತ್ತಿದ ಹಾಗೆ ಒತ್ತಡ ಇಳಿಯುತ್ತದೆ, ಕರಗಿದ್ದದ್ದು ಬೆಣಚುಕಲ್ಲಾಗಿ ಬಿರುಕಿನಲ್ಲಿ ಹೆಪ್ಪುಗಟ್ಟುತ್ತದೆ. ಸುತ್ತಲಿನ ಬಂಡೆಯಲ್ಲಿ ಕಬ್ಬಿಣವಿದ್ದರೆ ಗಂಧಕ ಬಂಗಾರದ ಕೈ ಬಿಟ್ಟು ಕಬ್ಬಿಣವನ್ನು ಹಿಡಿದು ಪೈರೈಟ್ ಆಗುತ್ತದೆ. ಒಂಟಿಯಾದ ಬಂಗಾರ ಅಲ್ಲೇ ಕೂತುಬಿಡುತ್ತದೆ. ಗೋವಾದ ಹಳೆಯ ಬಂಡೆಗಳು ಬಂಗಾರ ಸಿಗುವ ನಮ್ಮ ಧಾರವಾಡದ ಬಂಡೆಗಳ ದಾಯಾದಿಗಳೇ. ಹಾಗೆಂದು ಆಸೆ ಬೆಳೆಸಿಕೊಳ್ಳಬೇಡ. ಕಲ್ಲನ್ನು ಪುಡಿಮಾಡಿ ಸೀಸದ ಜೊತೆ ಮೂಸೆಯಲ್ಲಿ ಕರಗಿಸಿ ನೋಡುವ ತನಕ ಇದೆ, ಇಲ್ಲ ಎನ್ನಲು ಯಾರಿಂದಲೂ ಆಗದು. ಇದ್ದರೂ ಟನ್ ಕಲ್ಲಿಗೆ ಎಷ್ಟು ಗ್ರಾಂ ಎಂಬುದೇ ಲೆಕ್ಕ. ಟನ್ನಿಗೆ ಮೂರು ನಾಲ್ಕು ಗ್ರಾಂ ಸಿಕ್ಕರೆ ಗಣಿ ನಡೆಯುತ್ತದೆ. ಅಂದರೆ ಒಂದು ಸಾಧಾರಣ ಉಂಗುರಕ್ಕೆ ಒಂದು ಟನ್ನಿಗೂ ಮಿಕ್ಕಿ ಬಂಡೆ ಒಡೆಯಬೇಕು.

*

ಪ್ರಶ್ನೆ: ಮುಂಬಯಿಯ ಚಿನ್ನದಂಗಡಿಗಳ ಪೇಟೆಯಾದ ಝವೇರಿ ಬಜಾರಿನ ರಸ್ತೆಯ ಧೂಳನ್ನು ಗುಡಿಸಿಕೊಂಡು ಹೋಗಿ ಅದರಿಂದ ಬಂಗಾರ ತೆಗೆಯುತ್ತಾರೆ ಎಂದು ನಮ್ಮ ಕೆಲಸದವಳು ಹೇಳಿದಳು. ಇದು ನಿಜವೇ, ಕಟ್ಟುಕಥೆಯೇ? — ಗೃಹಿಣಿ, ಘಾಟ್ಕೋಪರ್

ಉತ್ತರ: ಪೂರ್ತಿ ನಿಜ ತಾಯಿ. ಅವರ ವಿದ್ಯೆಯನ್ನು ನೀವೂ ಬಲ್ಲಿರಿ. ಮೊದಲೆಲ್ಲ ಅಂಗಡಿಯ ಅಕ್ಕಿಯಲ್ಲಿ ಕಲ್ಲು ಇರುತ್ತಿತ್ತಲ್ಲ, ಆಗ ಅಕ್ಕಿಯನ್ನು ನೀರಿನಲ್ಲಿ ಜಾಲಿಸುತ್ತಿದ್ದಿರಿ. ಪಾತ್ರೆಯನ್ನು ವಾರೆ ಹಿಡಿದು ತುಳುಕಿಸಿದರೆ ಅಕ್ಕಿ ನೀರಿನೊಂದಿಗೆ ಆಚೆ ಪಾತ್ರೆಗೆ ಹೋಗುತ್ತದೆ, ಕಲ್ಲು ತಳದಲ್ಲಿ ಉಳಿಯುತ್ತದೆ. ಬಂಗಾರ ಹುಡುಕುವವರ ಪುರಾತನ ವಿದ್ಯೆ ಇಷ್ಟೇ. ಅಕ್ಕಿಯ ಜಾಗದಲ್ಲಿ ಮರಳು, ಕಲ್ಲಿನ ಜಾಗದಲ್ಲಿ ಬಂಗಾರ. ಮರಳು ನೀರಿಗಿಂತ ಎರಡೂವರೆ ಪಟ್ಟಿಗಿಂತ ಸ್ವಲ್ಪ ಹೆಚ್ಚು ಭಾರ, ಬಂಗಾರ 19.3 ಪಟ್ಟು. ಒಣಗಿದ್ದಾಗ ಬಂಗಾರದ ಕಣ ಅಷ್ಟೇ ಗಾತ್ರದ ಮರಳಿಗಿಂತ ಏಳು ಪಟ್ಟು ತೂಗುತ್ತದೆ. ನೀರಿನಲ್ಲಿ ಮುಳುಗಿಸಿದರೆ ಎರಡೂ ಹಗುರವಾಗುತ್ತವೆ, ಆದರೆ ಮರಳು ತನ್ನ ತೂಕದಲ್ಲಿ ದೊಡ್ಡ ಪಾಲನ್ನೇ ಕಳೆದುಕೊಳ್ಳುತ್ತದೆ. ಆಗ ಬಂಗಾರ ಹನ್ನೊಂದು ಪಟ್ಟು ಭಾರ. ನೀರಿಲ್ಲದೆ ಮೊರದಲ್ಲಿ ಕೇರಿ ಬಂಗಾರ ತೆಗೆಯುವುದು ಕಷ್ಟವಾಗುವುದು ಇದಕ್ಕೇ.

ಎರಡು ವರ್ಷದ ಹಿಂದೆ ಒಂದು ಮುಂಜಾನೆ ಮಸ್ಜಿದ್ ಸ್ಟೇಷನ್ನಿನಲ್ಲಿ ಇಳಿದು ಝವೇರಿ ಬಜಾರಿಗೆ ನಡೆದು ಹೋದೆ. ಅಂಗಡಿಗಳ ಕದ ತೆರೆದಿರಲಿಲ್ಲ. ತಾಯಿ ಮಗ ಇಬ್ಬರು ಗುಡಿಸುತ್ತಿದ್ದರು. ನನ್ನ ಕಣ್ಣು ನೆಟ್ಟಿದ್ದು ಅವರು ಎಲ್ಲಿ ಗುಡಿಸುತ್ತಾರೆ ಎಂಬುದರ ಮೇಲೆ. ರಸ್ತೆಯ ನಡುವೆ ಪೊರಕೆ ಇಡಲೇ ಇಲ್ಲ. ಮೆಟ್ಟಿಲಿನ ಬುಡ, ಕಲ್ಲುಹಾಸಿನ ಸಂದು, ಚರಂಡಿ ತಿರುಗುವ ಒಳಮೂಲೆ, ಇವೇ ಅವರ ಜಾಗಗಳು. ಸಂದುಗಳನ್ನು ಹಲ್ಲುಜ್ಜುವ ಹಳೆಯ ಬ್ರಷ್ಷಿನಿಂದ ಕೆರೆದು ಮೊರಕ್ಕೆ ತುಂಬುತ್ತಿದ್ದರು. ಹೊಳೆಯಲ್ಲಿ ಬಂಗಾರ ಹುಡುಕುವಾಗ ನಾವು ಹೋಗುವುದೂ ಸರಿಯಾಗಿ ಇಂಥ ಕಡೆಗೇ: ಹೊಳೆ ತಿರುಗುವ ಒಳಬದಿ, ದೊಡ್ಡ ಬಂಡೆಯ ಹಿಂಬದಿ, ತಳದ ಕಲ್ಲಿನ ಸೀಳು. ನೀರಿನ ಓಟ ಎಲ್ಲಿ ಮಂದವಾಗುತ್ತದೋ ಅಲ್ಲಿ ಭಾರದ್ದು ಕೂರುತ್ತದೆ. ಇದನ್ನು ನನಗೆ ಪುಸ್ತಕ ಕಲಿಸಿತು, ಆ ತಾಯಿಗೆ ಯಾರು ಕಲಿಸಿದರೋ!

ಹಿಂದಿನ ಗಲ್ಲಿಯಲ್ಲಿ ಒಬ್ಬ ಮುದುಕ ಕಬ್ಬಿಣದ ಘಮೇಲಾದಲ್ಲಿ ಅದನ್ನು ತೊಳೆಯುತ್ತಿದ್ದ. ಮೊದಲು ಕೂದಲು, ಕಾಗದ, ಬೀಡಿಯ ತುಂಡು ತೇಲಿ ಹೋದವು. ಆಮೇಲೆ ಮಣ್ಣು. ಕೊನೆಗೆ ತಳದಲ್ಲಿ ಕಪ್ಪು ಪುಡಿ ಉಳಿಯಿತು. ಹೊಳೆಯಲ್ಲಾದರೆ ಅದು ಮ್ಯಾಗ್ನೆಟೈಟ್ ಎಂಬ ಕಪ್ಪು ಮರಳು. ಇಲ್ಲಿ ಅಕ್ಕಸಾಲಿಗರ ಅರದಿಂದ ಉದುರಿದ ಕಬ್ಬಿಣದ ಪುಡಿ. ಒಡೆದ ಸ್ಪೀಕರಿನ ಅಯಸ್ಕಾಂತಕ್ಕೆ ಪ್ಲಾಸ್ಟಿಕ್ ಚೀಲ ಸುತ್ತಿ ಅದನ್ನೆಲ್ಲ ಎತ್ತಿ ಹಾಕಿದ. ಘಮೇಲಾವನ್ನು ಒಮ್ಮೆ ಹಗುರಾಗಿ ತಿರುಗಿಸಿದಾಗ ಅಂಚಿನಲ್ಲಿ ಉಗುರಿನ ಬಿಳಿಭಾಗದಷ್ಟು ತೆಳ್ಳಗಿನ ಹಳದಿ ಗೆರೆ ಮೂಡಿತು. "ಅರ್ಧ ಗುಂಜಿ," ಎಂದ. ಗುಂಜಿ ಎಂದರೆ ಗ್ರಾಮಿನ ಎಂಟನೆಯ ಒಂದು ಪಾಲು. ಆಮೇಲೆ ಪಾದರಸ ತೆಗೆದ. ಕಣಗಳನ್ನೆಲ್ಲ ಅದು ನುಂಗಿಕೊಳ್ಳುತ್ತದೆ, ಬಟ್ಟೆಯಲ್ಲಿ ಹಿಂಡಿ ಉಳಿದದ್ದನ್ನು ಕಾಯಿಸಿದರೆ ಪಾದರಸ ಹಾರಿ ಬಂಗಾರ ಉಳಿಯುತ್ತದೆ. ಆ ಹೊಗೆ ನರಗಳಿಗೂ ಮೂತ್ರಪಿಂಡಕ್ಕೂ ವಿಷ ಎಂದು ಹೇಳಿದೆ. ಅವನು ತಲೆಯಾಡಿಸಿ ಸ್ಟವ್ ಹಚ್ಚಿದ. ನಾನು ಗಾಳಿ ಬರುವ ಕಡೆಗೆ ಸರಿದು ನಿಂತೆ. ಅದಕ್ಕಿಂತ ಹೆಚ್ಚಿಗೆ ಏನೂ ಮಾಡಲಾಗಲಿಲ್ಲ.

ಇವರನ್ನು ಗುಜರಾತಿಯಲ್ಲಿ ಧೂಳ್‌ಧೋಯಾ, ಹಿಂದಿಯಲ್ಲಿ ನಿಯಾರಿಯಾ, ಮರಾಠಿಯಲ್ಲಿ ಝಾರೇಕರಿ ಎನ್ನುತ್ತಾರೆ. ನಮ್ಮಲ್ಲಿ ಜಲಗಾರ. ಹೊಳೆಯ ಮರಳು ತೊಳೆದು ಬಂಗಾರ ತೆಗೆಯುವವನೂ ಜಲಗಾರ, ಬೀದಿ ಗುಡಿಸುವವನೂ ಜಲಗಾರ. ಕನ್ನಡ ಈ ಇಬ್ಬರಿಗೂ ಒಂದೇ ಹೆಸರು ಇಟ್ಟದ್ದು ಏಕೆ ಎಂದು ನನಗೆ ಹೊಳೆದದ್ದು ಆ ಗಲ್ಲಿಯಲ್ಲೇ. ಗದಗದ ಕಪ್ಪತಗುಡ್ಡದ ಹಳ್ಳಗಳಲ್ಲಿ ಮರಳು ತೊಳೆಯುತ್ತಿದ್ದ ಜಲಗಾರರನ್ನು 1874ರಲ್ಲಿ ರಾಬರ್ಟ್ ಬ್ರೂಸ್ ಫೂಟ್ ಎಂಬ ಭೂವಿಜ್ಞಾನಿ ನೋಡಿ ಬರೆದಿಟ್ಟಿದ್ದಾನೆ. ಮರದ ಮರಿಗೆಯೇ ಅವರ ಪ್ರಯೋಗಶಾಲೆ. ಹಳ್ಳದಲ್ಲಿ ಮೇಲಕ್ಕೆ ಮೇಲಕ್ಕೆ ತೊಳೆಯುತ್ತ ಹೋಗಬೇಕು. ಹಳದಿ ಕಣ ಎಲ್ಲಿ ನಿಂತುಹೋಗುತ್ತದೋ ಅಲ್ಲಿಂದ ಪಕ್ಕದ ಗುಡ್ಡವನ್ನು ನೋಡಬೇಕು. ತಾಯಿ ಬಂಡೆಗೆ ಹತ್ತಿರವಿದ್ದರೆ ಕಣ ಮೊನೆಮೊನೆಯಾಗಿರುತ್ತದೆ, ದೂರ ಉರುಳಿ ಬಂದಿದ್ದರೆ ಅಂಚು ಸವೆದು ಗುಂಡಾಗಿರುತ್ತದೆ. ಈ ಗುಂಡು ಕಣದ ವಿಷಯ ನೆನಪಿಡಿ, ಕೆಳಗೆ ಮತ್ತೆ ಬರುತ್ತದೆ.

*

ಪ್ರಶ್ನೆ: ಕೋಲಾರದ ಚಿನ್ನವನ್ನು ಕಂಡುಹಿಡಿದವರು ಲ್ಯಾವೆಲ್ ಸಾಹೇಬರೋ ವಾರೆನ್ ಸಾಹೇಬರೋ? ಕಚೇರಿಯಲ್ಲಿ ಪಂದ್ಯ ಕಟ್ಟಿದ್ದೇವೆ. ಕೋಲಾರದಲ್ಲಿ ಕೊನೆಗೆ ಏನು ಉಳಿಯಿತು? — ಪಿಂಪ್ರಿ, ಪುಣೆ

ಉತ್ತರ: ಪಂದ್ಯದ ದುಡ್ಡನ್ನು ಇಬ್ಬರೂ ವಾಪಸು ತೆಗೆದುಕೊಳ್ಳಿ.

ಟಿಪ್ಪು ಬಿದ್ದ ಮೇಲೆ ಮೈಸೂರು ಸೀಮೆಯ ಪೂರ್ವದ ಗಡಿ ಅಳೆಯಲು 1802ರಲ್ಲಿ ಲೆಫ್ಟಿನೆಂಟ್ ಜಾನ್ ವಾರೆನ್ ಬಂದ. ಆ ಕಡೆ ಮಣ್ಣಿನಲ್ಲಿ ಚಿನ್ನವಿದೆಯೆಂಬ ಮಾತು ಕಿವಿಗೆ ಬಿತ್ತು. ತೋರಿಸಿದವರಿಗೆ ಇನಾಮು ಎಂದು ಸಾರಿದ. ಊರವರು ಗಾಡಿಯಲ್ಲಿ ಮಣ್ಣು ಹೇರಿಕೊಂಡು ಬಂದು ಅವನ ಕಣ್ಣೆದುರೇ ತೊಳೆದು ಕಣ ತೆಗೆದು ತೋರಿಸಿದರು. ಹಾಗಾದರೆ ಹೇಳಿ, ಕಂಡುಹಿಡಿದವರು ಯಾರು? ವಾರೆನ್ ಬರೆದದ್ದು 1804ರಲ್ಲಿ ಅಚ್ಚಾಯಿತು. ಸುಮಾರು ಎಪ್ಪತ್ತು ವರ್ಷದ ಮೇಲೆ, ನ್ಯೂಜಿಲೆಂಡಿನಲ್ಲಿ ಯುದ್ಧ ಮಾಡಿ ನಿವೃತ್ತನಾಗಿ ಬೆಂಗಳೂರಿಗೆ ಬಂದಿದ್ದ ಐರಿಷ್ ಸಿಪಾಯಿ ಮೈಕೆಲ್ ಲ್ಯಾವೆಲ್ ಅದನ್ನು ಓದಿದ. ಎತ್ತಿನ ಗಾಡಿಯಲ್ಲಿ ಕೋಲಾರಕ್ಕೆ ಹೋಗಿ ಹಳೆಯ ಗುಂಡಿಗಳ ಸುತ್ತ ತಿರುಗಾಡಿದ. 1873ರಲ್ಲಿ ಸರ್ಕಾರಕ್ಕೆ ಅರ್ಜಿ ಹಾಕಿದ, 1875ರಲ್ಲಿ ಪರವಾನಗಿ ಪಡೆದ. ಬೆಂಗಳೂರಿನ ಲ್ಯಾವೆಲ್ ರಸ್ತೆ ಅವನ ಹೆಸರಿನದೇ. ಹಣ ಸಾಲದೆ ಅವನು ಹಕ್ಕನ್ನು ಬೇರೆಯವರಿಗೆ ಬಿಟ್ಟುಕೊಟ್ಟ. 1880ರಲ್ಲಿ ಜಾನ್ ಟೇಲರ್ ಕಂಪನಿ ಬಂತು. ಅದೂ ಬಾಗಿಲು ಹಾಕುವ ಹಂತಕ್ಕೆ ಬಂದಿದ್ದಾಗ ಪ್ಲಮ್ಮರ್ ಎಂಬ ಗಣಿ ಕ್ಯಾಪ್ಟನ್, ಹಿಂದಿನವರು ತೋಡಿ ಬಿಟ್ಟಿದ್ದ ಗುಂಡಿಗಳ ಕೆಳಗೇ ಅಗೆಸಿದ. ಚಾಂಪಿಯನ್ ರೀಫ್ ಎಂಬ ಬಂಗಾರದ ಪದರ ಸಿಕ್ಕಿದ್ದು ಹಾಗೆ. ಅವರಿಗಿಂತ ಮುಂಚೆ ಅಲ್ಲಿ ಉಳಿ ಹಿಡಿದವರ ಹೆಸರು ಯಾವ ರಸ್ತೆಗೂ ಇಲ್ಲ.

ಹಟ್ಟಿಯ ಕಥೆಯೂ ಬೇರೆಯಲ್ಲ. ಅಲ್ಲಿನ ಹಳೆಯ ಸುರಂಗಗಳಲ್ಲಿ ಸಿಕ್ಕ ಮರದ ತುಂಡುಗಳ ವಯಸ್ಸು ಸುಮಾರು ಎರಡು ಸಾವಿರ ವರ್ಷ. ಪಂಪಿಲ್ಲ, ಸಿಡಿಮದ್ದಿಲ್ಲ. ಬಂಡೆಗೆ ಬೆಂಕಿ ಹಾಕಿ ಕಾಯಿಸಿ ನೀರೆರಚಿ ಸಿಡಿಸುತ್ತ ಆರುನೂರು ಅಡಿ ಇಳಿದಿದ್ದರು. ಆ ಗೋಡೆಯ ಮಸಿಯನ್ನು ನಾನು ಬೆರಳಿನಿಂದ ಒರೆಸಿ ನೋಡಿದ್ದೇನೆ. ಹತ್ತಿರದ ಮಸ್ಕಿಗೆ 1915ರಲ್ಲಿ ಬಂಗಾರ ಹುಡುಕಿಕೊಂಡು ಬಂದ ಬೀಡನ್ ಎಂಬ ಗಣಿ ಎಂಜಿನಿಯರಿಗೆ ಬಂಡೆಯ ಮೇಲೆ ಅಕ್ಷರಗಳು ಕಂಡವು. ದೇವಾನಾಂಪ್ರಿಯ ಎಂದರೆ ಅಶೋಕನೇ ಎಂದು ಖಚಿತಪಡಿಸಿದ ಶಾಸನ ಅದು. ನನ್ನ ಮಟ್ಟಿಗೆ ರಾಯಚೂರು ಸೀಮೆಯಲ್ಲಿ ಸಿಕ್ಕ ದೊಡ್ಡ ಗಟ್ಟಿ ಅದೇ.

ಕೋಲಾರದಲ್ಲಿ ಏನು ಉಳಿಯಿತು ಎಂದೂ ಕೇಳಿದ್ದೀರಿ. ಸುಮಾರು 800 ಟನ್ ಬಂಗಾರ ಹೊರಬಂತು, ಮೂರು ಕಿಲೋಮೀಟರಿಗೂ ಆಳಕ್ಕೆ ಇಳಿದರು, 2001ರ ಫೆಬ್ರವರಿ 28ರಂದು ಮುಚ್ಚಿದರು. ಮುಂಬಯಿಯವರು ನೆನಪಿಡಬೇಕಾದದ್ದು ಇನ್ನೊಂದಿದೆ. 1965ರಲ್ಲಿ ಕೊಲಾಬಾದ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು, ಜಪಾನ್ ಮತ್ತು ಇಂಗ್ಲೆಂಡಿನವರ ಜೊತೆ, ಆ ಗಣಿಯೊಳಗೆ ಎರಡು ಕಿಲೋಮೀಟರಿಗೂ ಕೆಳಗೆ ಯಂತ್ರಗಳನ್ನಿಟ್ಟು, ವಾತಾವರಣದಲ್ಲಿ ಹುಟ್ಟಿ ಬಂಡೆಯನ್ನೂ ತೂರಿಕೊಂಡು ಹೋಗುವ ನ್ಯೂಟ್ರಿನೊ ಎಂಬ ಅತಿ ಸೂಕ್ಷ್ಮ ಕಣಗಳ ಗುರುತು ಹಿಡಿದರು. ಬಂಗಾರಕ್ಕೆಂದು ತೋಡಿದ ಗುಂಡಿಯಲ್ಲಿ ಆಕಾಶದ ಸುದ್ದಿ ಸಿಕ್ಕಿತು.

*

ಪ್ರಶ್ನೆ: ಗದಗ ಜಿಲ್ಲೆಯಲ್ಲಿರುವ ನಮ್ಮ ಸೋದರಮಾವನ ಹೊಲದ ಮಣ್ಣಿನಲ್ಲಿ ಟನ್ನಿಗೆ 4 ಗ್ರಾಂ ಬಂಗಾರವಿದೆ ಎಂಬ ಲ್ಯಾಬ್ ವರದಿಯನ್ನು ಒಬ್ಬ ಏಜೆಂಟ್ ತಂದು ತೋರಿಸಿದ್ದಾನೆ. ಗಣಿ ಕಂಪನಿಯವರ ಜೊತೆ ಮಾತನಾಡುತ್ತೇನೆ, ಮೊದಲು ಎರಡು ಲಕ್ಷ ಖರ್ಚು ಕೊಡಿ ಎನ್ನುತ್ತಾನೆ. — ಹಡಪಸರ್, ಪುಣೆ

ಉತ್ತರ: ಒಂದು ಪೈಸೆಯನ್ನೂ ಕೊಡಬೇಡಿ. ವರದಿ ಸುಳ್ಳೇ ಆಗಿರಬೇಕೆಂದಿಲ್ಲ. ಮಾದರಿ ಸುಳ್ಳಿರಬಹುದು.

ನನ್ನದೇ ಕಥೆ ಕೇಳಿ. ಮದುವೆಯಾದ ಹೊಸದರಲ್ಲಿ ಒಂದು ಹಳ್ಳದ ದಂಡೆಯಿಂದ ಕಲ್ಲು ತಂದು, ನಾನೇ ಒರಳಿನಲ್ಲಿ ಕುಟ್ಟಿ, ಕೈಯಲ್ಲೇ ಕಲಸಿ ಪರೀಕ್ಷೆಗೆ ಕೊಟ್ಟೆ. ಅದ್ಭುತ ಫಲಿತಾಂಶ! ಎರಡು ದಿನ ನನಗೆ ನಿದ್ದೆಯಿಲ್ಲ. ಹಿರಿಯರೊಬ್ಬರು ವರದಿ ನೋಡಲಿಲ್ಲ, ನನ್ನ ಕೈ ನೋಡಿದರು. ಉಂಗುರ ಹೊಸದು, ಅದರ ಅಂಗೈ ಕಡೆಯ ಬದಿಯಲ್ಲಿ ಗೀರುಗಳು. ಲೆಕ್ಕ ಹಾಕಿ ನೋಡಿ: ಪರೀಕ್ಷೆಗೆ ಹಾಕುವ ಪುಡಿ 50 ಗ್ರಾಂ. ಅದರಲ್ಲಿ ಮಿಲಿಗ್ರಾಮಿನ ಐದನೆಯ ಒಂದು ಪಾಲು, ಕಣ್ಣಿಗೆ ಕಾಣದಷ್ಟು, ಉಂಗುರ ಸವೆದು ಬಿದ್ದರೂ ಟನ್ನಿಗೆ 4 ಗ್ರಾಂ ಎಂದು ವರದಿ ಬರುತ್ತದೆ. ನಿಮ್ಮ ಏಜೆಂಟ್ ತಂದದ್ದೂ ಅಷ್ಟೇ ಅಲ್ಲವೇ? ಉಂಗುರ ಬಿಚ್ಚಿಟ್ಟು ಮತ್ತೆ ಕುಟ್ಟಿದೆ. ಬಂಗಾರದ ಸುಳಿವೇ ಇಲ್ಲ. ಅಂದಿನಿಂದ ನಾನು ಉಂಗುರ ಹಾಕಿಲ್ಲ. ಮಾವನ ಮನೆಯವರು ಅದನ್ನು ಬೇರೆ ರೀತಿ ಅರ್ಥಮಾಡಿಕೊಂಡದ್ದು ಬೇರೆ ಕಥೆ.

ನನ್ನದು ಪೆದ್ದುತನ. ಬೇಕೆಂದೇ ಮಾಡಿದವರೂ ಇದ್ದಾರೆ. ಕೆನಡಾದ ಬ್ರೀ-ಎಕ್ಸ್ ಎಂಬ ಕಂಪನಿ ಇಂಡೋನೇಷ್ಯಾದ ಬುಸಾಂಗ್ ಕಾಡಿನಲ್ಲಿ ಎರಡು ಸಾವಿರ ಟನ್ನಿಗೂ ಹೆಚ್ಚು ಬಂಗಾರವಿದೆ ಎಂದು ಸಾರಿತು. ಷೇರು ಆಕಾಶಕ್ಕೇರಿತು. ಕೊಳವೆಯಲ್ಲಿ ಕೊರೆದು ತೆಗೆದ ಕಲ್ಲಿನ ಕೋರನ್ನು ಉದ್ದಕ್ಕೆ ಸೀಳಿ ಅರ್ಧವನ್ನು ಸಾಕ್ಷಿಗೆ ಉಳಿಸಿಕೊಳ್ಳುವುದು ನಮ್ಮ ವೃತ್ತಿಯ ಪದ್ಧತಿ. ಅವರು ಪೂರ್ತಿ ಪುಡಿ ಮಾಡುತ್ತಿದ್ದರು. ಕೊನೆಗೆ ಸೂಕ್ಷ್ಮದರ್ಶಕದಲ್ಲಿ ನೋಡಿದವರಿಗೆ ಕಂಡದ್ದು ಅಂಚು ಸವೆದ ಗುಂಡು ಕಣಗಳು, ಹೊಳೆಯಲ್ಲಿ ಉರುಳಿದ ಬಂಗಾರ. ಅಖಂಡ ಬಂಡೆಯೊಳಗೆ ಹೊಳೆಯ ಕಣ ಹೇಗೆ ಬರುತ್ತದೆ? ಯಾರೋ ಉಪ್ಪು ಉದುರಿಸಿದ ಹಾಗೆ ಉದುರಿಸಿದ್ದರು. 1997ರಲ್ಲಿ ಬೇರೆಯವರು ಬಂದು ಮತ್ತೆ ಕೊರೆದಾಗ ಏನೂ ಇರಲಿಲ್ಲ, ಕಂಪನಿ ನೆಲಕಚ್ಚಿತು.

ಆದ್ದರಿಂದ ಏಜೆಂಟನನ್ನು ಮೂರೇ ಮಾತು ಕೇಳಿ. ಮಣ್ಣು ತೆಗೆದವರು ಯಾರು, ಎಷ್ಟು ಕಡೆ ತೆಗೆದರು, ಉಳಿದ ಅರ್ಧ ಎಲ್ಲಿದೆ? ಜೊತೆಗೆ, 1957ರ ಗಣಿ ಕಾಯ್ದೆಯ ಪ್ರಕಾರ ಬಂಗಾರ ಶೋಧಿಸಲು ಸರ್ಕಾರದ ಪರವಾನಗಿ ಬೇಕು. ಅದರ ನಕಲು ತೋರಿಸು ಎನ್ನಿ. ಬಹುಶಃ ಚಹಾ ಪೂರ್ತಿ ಕುಡಿಯದೆ ಎದ್ದು ಹೋಗುತ್ತಾನೆ.

*

ಪ್ರಶ್ನೆ: ನಾನು ಏಳನೆಯ ತರಗತಿ. ಸಿಂಹಗಡ ಹತ್ತುವಾಗ ಕಲ್ಲಿನಲ್ಲಿ ಬಿಳಿ ಹೊಳೆಯುವ ಹರಳು ಸಿಕ್ಕಿತು. ಅದರ ಕೆಳಗೆ ಬಂಗಾರ ಇರುತ್ತದೆಯೇ? ಬಂಗಾರ ನಕ್ಷತ್ರದಿಂದ ಬಂದದ್ದು ಎಂದು ಟೀಚರ್ ಹೇಳಿದರು. — ಕೋಥ್ರೂಡ್, ಪುಣೆ

ಉತ್ತರ: ಟೀಚರ್ ಹೇಳಿದ್ದು ಸರಿ ಪುಟ್ಟಾ. ಎರಡು ನ್ಯೂಟ್ರಾನ್ ನಕ್ಷತ್ರಗಳು ಡಿಕ್ಕಿ ಹೊಡೆದು ಒಂದಾದಾಗ ಬಂಗಾರದಂಥ ಭಾರದ ಧಾತುಗಳು ಹುಟ್ಟುತ್ತವೆ. ಅಂಥ ಒಂದು ಡಿಕ್ಕಿಯ ಕಂಪನವನ್ನೂ ಬೆಳಕನ್ನೂ 2017ರ ಆಗಸ್ಟ್ 17ರಂದು ವಿಜ್ಞಾನಿಗಳು ಹಿಡಿದರು. ಭೂಮಿ ಹುಟ್ಟುವಾಗಲೇ ಅದಕ್ಕೂ ಹಿಂದಿನ ಅಂಥ ಡಿಕ್ಕಿಗಳ ಧೂಳು ಅದರೊಳಗೆ ಸೇರಿಕೊಂಡಿತ್ತು.

ನಿನ್ನ ಹರಳಿನ ಕೆಳಗೆ ಮಾತ್ರ ಬಂಗಾರವಿಲ್ಲ. ಪುಣೆ, ಮುಂಬಯಿ ಎಲ್ಲ ಕೂತಿರುವುದು ಸುಮಾರು 6.6 ಕೋಟಿ ವರ್ಷದ ಹಿಂದೆ ಉಕ್ಕಿದ ಲಾವಾದ ಮೇಲೆ. ಬಂಗಾರ ಸಿಕ್ಕ ಕೋಲಾರದ ಬಂಡೆಗಳೇ ಬೇರೆ, ಅವಕ್ಕೆ ಸುಮಾರು 270 ಕೋಟಿ ವರ್ಷ. ಲಾವಾ ಆರುವಾಗ ಉಳಿದ ಗುಳ್ಳೆಗಳಲ್ಲಿ ಬಿಸಿನೀರು ನಿಧಾನವಾಗಿ ಹರಳು ಕಟ್ಟಿತು. ನಿನಗೆ ಸಿಕ್ಕಿದ್ದು ಜಿಯೋಲೈಟ್ ಇರಬೇಕು. ಪುಣೆಯ ಹತ್ತಿರದ ವಾಘೋಲಿಯ ಕ್ವಾರಿಯಲ್ಲಿ ಸಿಗುವ ನೀಲಿ ಕ್ಯಾವನ್ಸೈಟ್ ನೋಡಲು ಹೊರದೇಶದ ಸಂಗ್ರಾಹಕರೂ ಬಾಯಿ ಬಿಡುತ್ತಾರೆ. ಹರಳನ್ನು ಹತ್ತಿಯಲ್ಲಿ ಸುತ್ತಿ ಡಬ್ಬಿಯಲ್ಲಿಡು. ಎಲ್ಲಿ, ಯಾವ ದಿನ ಸಿಕ್ಕಿತು ಎಂದು ಚೀಟಿ ಬರೆದು ಜೊತೆಗಿಡು, ಚೀಟಿಯಿಲ್ಲದ ಕಲ್ಲನ್ನು ನಾವು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಕೋಟೆಯ ಕಲ್ಲಿಗೆ ಸುತ್ತಿಗೆ ಹಾಕಬೇಡ, ಮಳೆಗೆ ತಾನಾಗಿ ಉದುರಿದ್ದನ್ನು ಆಯ್ದುಕೋ.

ಹಾಂ, ವಾಸ್ಕೋದವರು ಹೆಸರು ಬೇಡ ಎಂದದ್ದಲ್ಲದೆ ವಿಳಾಸವನ್ನೂ ಬರೆದಿಲ್ಲ. ಅವರ ಪೈರೈಟ್ ನನ್ನ ಕಿಟಕಿಯಲ್ಲಿ ಪತ್ರಗಳ ಮೇಲೆ ಕೂತಿದೆ. ಮುಂದಿನ ಸಂಚಿಕೆಯೊಳಗೆ ಅವರು ಕೇಳದಿದ್ದರೆ ಅದನ್ನು ನಿನಗೆ ಕಳಿಸುತ್ತೇನೆ, ಚೀಟಿ ನಾನೇ ಬರೆದು.